ಗೇಮ್ ರೆಕಾರ್ಡ್ ಮಾಡೋ ಸಂಬಂಧ ಭಿಶಿ ಎತ್ತಬ್ಯಾಡ್ರಿ, ಮೊದಲ ಹಳೇ ಕಂಪ್ಯೂಟರ್ ನೋಡ್ರಿ

ನಮ್ಮ ಪೈಕಿ ಈಗ ಮೂರು-ನಾಲ್ಕು ಮನ್ಯಾಗ ಒಂದ ಮಾತು ನಡದದ. "ಅಮ್ಮಾ, ನನಗ ಹೊಸಾ ಕಂಪ್ಯೂಟರ್ ಬೇಕು, ಗೇಮ್ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕು." ಹುಡುಗ್ರು ಕೇಳ್ತಾರ, ಅಪ್ಪಂದ್ರು "ನಿಮ್ಮ ಅಮ್ಮನ್ನ ಕೇಳು" ಅಂತಾರ, ಅಮ್ಮಂದ್ರು ಭಿಶಿ ರೊಕ್ಕದ ಕಡೆ ನೋಡ್ತಾರ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ, ಯಾಕ ಅನ್ನೋದು ಆಮ್ಯಾಲೆ. ಹುಡುಗ್ರು ರೆಕಾರ್ಡ್ ಮಾಡ್ಲಿ, ಬ್ಯಾಡ ಅನಬ್ಯಾಡ್ರಿ. ಆದ್ರ ಮನ್ಯಾಗಿನ ಹಳೇ ಕಂಪ್ಯೂಟರಿನ ಹೊಟ್ಟ್ಯಾಗ ಏನದ ಅಂತ ನೋಡದ ಒಂದು ರೂಪಾಯಿನೂ ಬಿಚ್ಚಬ್ಯಾಡ್ರಿ. ಮತ್ತ ಆ ನೋಡೋ ಕೆಲಸಾ ರೊಕ್ಕಾ ಕೊಡೋರ ಮಾಡಬೇಕು, ಅಂದ್ರ ನಾವು.

ಇದನ್ನ ಓದಿ "ಇಕಿ ಯಾವಾಗಿಂದ ಕಂಪ್ಯೂಟರ್ ಪಂಡಿತಳಾದ್ಲು" ಅಂತ ನಗೋರು ನಗ್ರಿ. ನಾ ಪಿಯುಸಿ ತನಕ ಓದಿದಾಕಿ, ಮೂವತ್ತು ವರ್ಷದಿಂದ ಅಡಗಿ ಮನಿ ನೋಡ್ಕೊಂಡು ಬಂದಾಕಿ. ಆದ್ರ ಒಂದು ಮಿಕ್ಸರ್ ತೊಗೋಬೇಕಾದ್ರ ಎಷ್ಟು ವ್ಯಾಟ್, ಜಾರ್ ಎಷ್ಟು, ಬ್ಲೇಡ್ ಸಡ್ಲಾದ್ರ ಎಲ್ಲಿ ರಿಪೇರಿ ಅಂತ ಹತ್ತು ಪ್ರಶ್ನೆ ಕೇಳೋ ನಾವು, ಅದರ ಹತ್ತಿಪ್ಪತ್ತು ಪಟ್ಟು ರೊಕ್ಕದ ಕಂಪ್ಯೂಟರ್ ಬಂದಾಗ "ನಮಗೇನು ತಿಳೀತದ, ನೀವ ನೋಡ್ರಿ" ಅಂತ ಬಾಗಲದ ಹೊರಗ ನಿಂತಬಿಡ್ತೇವಿ. ನನಗ ಸಿಟ್ಟು ಬರೋದ ಇದಕ್ಕ. ನಮ್ಮ ಮಗಾ ಪುಣೆದಾಗ ಕಂಪ್ಯೂಟರ್ ಕೆಲಸದಾಗಿದ್ದಾನ. ಅಂವಾ ಫೋನಿನ್ಯಾಗ ಹೇಳಿದ್ದು, ನಾ ನಮ್ಮ ತಂಗಿ ಮಗನ ಬಾಜೂ ಕೂತು ಎರಡು ಸಂಜಿ ನೋಡಿದ್ದು, ಅಷ್ಟ ನನ್ನ ಬಂಡವಾಳ. ಅಷ್ಟು ಸಾಕಾತು.

ತಂಗಿದು ನಿಮಗ ಗೊತ್ತಿದ್ದದ್ದ. ಬ್ಲೌಸ್ ಹೊಲದು ಮನಿ ನಡಸ್ತಾಳ. (ಅಕಿನ್ನ ಕೇಳೇ ಬರೀಲಿಕ್ಕತ್ತೇನಿ, ನನ್ನ ಮ್ಯಾಲೆ ಹರಿಹಾಯಬ್ಯಾಡ್ರಿ.) ಇಪ್ಪತ್ತು ಮಂದಿ ಭಿಶಿ, ತಿಂಗಳಿಗೆ 5,000. ಕಡೀಕ ಎತ್ತಿದ್ರ ಪೂರ್ತಿ ಒಂದು ಲಕ್ಷ, ನಡುವ ಎತ್ತಬೇಕಂದ್ರ ಸವಾಲು ಕೂಗಿ ಬಿಟ್ಟುಕೊಡಬೇಕು. ಅಕಿ ಮಗಾ ಡಿಪ್ಲೊಮಾ ಎರಡನೇ ವರ್ಷ. ಮೈನ್‌ಕ್ರಾಫ್ಟ್ ಅನ್ನೋ ಆಟದಾಗ ಮನಿ, ಸೇತುವೆ, ತನ್ನಷ್ಟಕ್ಕ ತಾನ ತೆರಿಯೋ ಬಾಗಲಾ ಕಟ್ಟೋದನ್ನ ಕನ್ನಡದಾಗ ಹೇಳಿಕೊಡೋ ವಿಡಿಯೋ ಮಾಡಬೇಕಂತ ಅವನ ಆಸೆ. ಆಸೆ ಛೊಲೋನ ಅದ. ಅಂಗಡಿಯವರು ಒಂದು ಹಾಳಿ ಮ್ಯಾಲೆ ಪಟ್ಟಿ ಬರದು ಕೆಳಗ 85,000 ಅಂತ ಹಾಕಿ ಕೊಟ್ರು. ಇಕಿ 15,000 ಬಿಟ್ಟು ಭಿಶಿ ಎತ್ತಲಿಕ್ಕೆ ತಯಾರಾದ್ಲು. ಆ ಭಿಶಿ ಮಗಳ ಬಿ.ಎಡ್ ಫೀ ಸಂಬಂಧ ಹಾಕಿದ್ದು. ಹುಡುಗಿ ಜಗಳಾ ಆಡಲಿಲ್ಲ, "ಇರ್ಲಿ ಬಿಡವ್ವಾ, ಮುಂದಿನ ವರ್ಷ ಸೇರ್ತೇನಿ" ಅಂತ ಸುಮ್ಮನ ಭಾಂಡೆ ತೊಳೀಲಿಕ್ಕೆ ಎದ್ದು ಹೋದ್ಲು. ಜಗಳಾ ಆಡಿದ್ರ ನಾ ನಡುವ ಬರ್ತಿದ್ದಿಲ್ಲೋ ಏನೋ. ಆಕಿ ಸುಮ್ಮನಾದದ್ದಕ್ಕ ನಾ ಬಾಯಿ ಹಾಕಿದೆ.

ಈಗ ಈ ರೆಕಾರ್ಡಿಂಗ್ ಅಂದ್ರ ಏನು ಅನ್ನೋದನ್ನ ತಿಳ್ಕೊಳ್ರಿ. ಪಡದಿ ಮ್ಯಾಲೆ ಕಾಣೋ ಚಿತ್ರ ಅಂದ್ರ ಚುಕ್ಕಿ ರಂಗೋಲಿ ಇದ್ದಂಗ. ಫುಲ್ ಎಚ್‌ಡಿ ಅಂದ್ರ ಅಡ್ಡ 1920 ಚುಕ್ಕಿ, ಉದ್ದ 1080 ಚುಕ್ಕಿ. ಗುಣಿಸಿ ನೋಡ್ರಿ, 20 ಲಕ್ಷ ದಾಟ್ತದ. ಇಂಥಾ ರಂಗೋಲಿ ಸೆಕೆಂಡಿಗೆ 60 ಬದಲಾಗ್ತಾವು. ಇವನ್ನೆಲ್ಲಾ ಇದ್ದದ್ದು ಇದ್ದಂಗ ಬರದಿಡ್ತೇನಿ ಅಂದ್ರ ಸೆಕೆಂಡಿಗೆ ಸುಮಾರು 373 ಎಂಬಿ ಆಗ್ತದ, ಒಂದು ತಾಸಿಗೆ 1,300 ಜಿಬಿ ಮ್ಯಾಲೆ. ಭಾಳಷ್ಟು ಮನಿ ಕಂಪ್ಯೂಟರಿನ್ಯಾಗ ಅಷ್ಟು ಜಾಗಾ ಇರಂಗಿಲ್ಲ. ಅದಕ್ಕ ಆಟಾ ನಡದಾಗನ ಆ ಚಿತ್ರಾನ್ನ ಮಡಚಿ, ಒತ್ತಿ, ಸಣ್ಣದು ಮಾಡಿ ಇಡಬೇಕಾಗ್ತದ. ಇದಕ್ಕ ಎನ್‌ಕೋಡಿಂಗ್ ಅಂತಾರ. ಒತ್ತಿದ ಮ್ಯಾಲೆ ಅದ ಒಂದು ತಾಸು ಐದಾರು ಜಿಬಿ ಒಳಗ ಕೂಡ್ತದ.

ಹಳೇ ಕಂಪ್ಯೂಟರ್ ಸೋಲೋದು ಈ ಮಡಚೋ ಕೆಲಸದಾಗ. ಮದವಿ ಮನ್ಯಾಗ ನೀವೊಬ್ಬರ ರೊಟ್ಟಿ ಬಡೀಲಿಕ್ಕೆ ಕೂತೀರಿ ಅನ್ಕೋರಿ. ಬಡಿಯೋದು, ಬೇಯಿಸೋದು ಅಂದ್ರ ಆಟ. ಬೆಂದದ್ದನ್ನ ಬಿಸಿ ಇದ್ದಾಗನ ಅರಿವ್ಯಾಗ ಸುತ್ತಿ ಬುಟ್ಟ್ಯಾಗ ಇಡೋದು ಅಂದ್ರ ರೆಕಾರ್ಡಿಂಗ್. ಎರಡೂ ಒಬ್ಬಾಕಿನ ಮಾಡಿದ್ರ ಹಂಚಿನ ಮ್ಯಾಲಿಂದು ಹೊತ್ತತದ. ಬಾಜೂಕ ಒಬ್ಬ ಹುಡುಗಿ ಕೂತು ಸುತ್ತಿಡೋದೊಂದ ನೋಡಿಕೊಂಡ್ರ ನೀವು ನಿಶ್ಚಿಂತಿಲೆ ಬಡೀಬಹುದು. ಕಂಪ್ಯೂಟರಿನ ಒಳಗ ಆ ಹುಡುಗಿ ಅದಾಳೋ ಇಲ್ಲೋ, ಅದ ಪ್ರಶ್ನೆ.

ಭಾಳಷ್ಟು ಮನ್ಯಾಗ ಅಕಿ ಮೊದಲ ಅದಾಳ, ಯಾರೂ ಅಕಿಗೆ ಕೆಲಸಾ ಹೇಳಿರಂಗಿಲ್ಲ ಅಷ್ಟ. ಇಂಟೆಲ್‌ನವರು 2011ರಿಂದ ತಮ್ಮ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಭಾಗದಾಗ ಈ ಮಡಚೋ ಕೆಲಸಕ್ಕಂತನ ಬ್ಯಾರೆ ಜಾಗಾ ಇಟ್ಟಾರ, ಅದರ ಹೆಸರು ಕ್ವಿಕ್ ಸಿಂಕ್. ಎನ್‌ವಿಡಿಯಾದವರ ಕಾರ್ಡಿನ್ಯಾಗ 2012ರಿಂದ ಬಂತು, ಅದಕ್ಕ ಎನ್‌ವೆಂಕ್ ಅಂತಾರ. ಎಎಮ್‌ಡಿ ಅವರದೂ ಅದ. ತಂಗಿ ಮನ್ಯಾಗಿದ್ದದ್ದು ಇಂಟೆಲ್ ಐ5, ಎಂಟನೇ ಪೀಳಿಗೆದು, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇದ್ದಿದ್ದಿಲ್ಲ. ಕಾರ್ಡ್ ಇಲ್ಲಂದ ಕೂಡ್ಲೇ ಅಂಗಡಿಯವರು "ಇದು ನಡಿಯಂಗಿಲ್ರಿ, ಹೊಸಾದ ಬೇಕು" ಅಂದಬಿಟ್ಟಿದ್ರು. ಕ್ವಿಕ್ ಸಿಂಕ್ ಇರೋದ ಕಾರ್ಡ್ ಇರದ ಮಂದಿಗೆ ಅನುಕೂಲ ಆಗಲಿ ಅಂತ, ಅದನ್ನ ಒಂದು ಸಲಾನೂ ಚಾಲೂ ಮಾಡಿ ನೋಡಲಿಲ್ಲ.

ನೋಡೋದು ಭಾಳ ಸರಳ ಅದ. ಓಬಿಎಸ್ ಸ್ಟುಡಿಯೋ ಅಂತ ಒಂದು ಸಾಫ್ಟ್‌ವೇರ್, 2012ರಾಗ ಶುರು ಆದದ್ದು, ಪೂರ್ತಿ ಪುಗಸಟ್ಟೆ. ಹುಡುಗ್ರಿಗೆ ಇದು ಗೊತ್ತಿರ್ತದ. ಅದರಾಗ ಸೆಟ್ಟಿಂಗ್ಸ್, ಆಮ್ಯಾಲೆ ಔಟ್‌ಪುಟ್ ಅಂತ ಹೋದ್ರ ಎನ್‌ಕೋಡರ್ ಅಂತ ಒಂದು ಪಟ್ಟಿ ಬಿಚ್ಚತದ. ಅಲ್ಲೆ "ಸಾಫ್ಟ್‌ವೇರ್, ಎಕ್ಸ್264" ಅಂತ ಒಂದ ಹೆಸರು ಇದ್ರ ರೊಟ್ಟಿ ಬಡಿಯಾಕಿನ ಸುತ್ತಿಡಾಕಿ ಅಂತ ತಿಳ್ಕೊಳ್ರಿ. "ಹಾರ್ಡ್‌ವೇರ್" ಅಂತ ಶುರು ಆಗೋ ಇನ್ನೊಂದು ಹೆಸರು ಕಂಡ್ರ, ಮುಂದ ಕ್ಯೂಎಸ್‌ವಿ ಇರ್ಲಿ, ಎನ್‌ವೆಂಕ್ ಇರ್ಲಿ, ಎಎಮ್‌ಡಿ ಇರ್ಲಿ, ಬಾಜೂಕ ಹುಡುಗಿ ಅದಾಳ. ಭಾಳ ಹಳೇ ಮಶೀನಿದ್ರ ಕಾಣಸಲಿಕ್ಕಿಲ್ಲ. ಗ್ರಾಫಿಕ್ಸ್ ಡ್ರೈವರ್ ಹೊಸಾದು ಹಾಕಿ ಇನ್ನೊಮ್ಮೆ ನೋಡ್ರಿ. ಓಬಿಎಸ್ ಹಾಕೋದೂ ಬ್ಯಾಡಂದ್ರ, ಹತ್ತನೇ ಅಥವಾ ಹನ್ನೊಂದನೇ ವಿಂಡೋಸ್ ಇದ್ದವರು ಆಟಾ ತೆರದು ವಿಂಡೋಸ್ ಗುಂಡಿ, ಆಲ್ಟ್, ಆರ್ ಮೂರೂ ಕೂಡೆ ಒತ್ತಿ ನೋಡ್ರಿ. ವಿಂಡೋಸಿನ ಸ್ವಂತ ರೆಕಾರ್ಡರ್ ಚಾಲೂ ಆದ್ರ ಹುಡುಗಿ ಅದಾಳ ಅಂತನ ಅರ್ಥ, ಯಾಕಂದ್ರ ಅಕಿ ಇಲ್ಲದ ಅದು ಚಾಲೂನ ಆಗಂಗಿಲ್ಲ.

ಮುಂದಿಂದು ನನಗ ಎಲ್ಲಾಕಿಂತ ಉಪಯೋಗ ಬಿದ್ದದ್ದು. ಓಬಿಎಸ್ ಒಳಗ ವ್ಯೂ ಅನ್ನೋ ಕಡೆ ಸ್ಟ್ಯಾಟ್ಸ್ ಅಂತ ಒಂದು ಕಿಡಕಿ ಅದ. ಹತ್ತು ನಿಮಿಷ ಆಟಾ ಆಡಿ ರೆಕಾರ್ಡ್ ಮಾಡಿ ಅದನ್ನ ನೋಡ್ರಿ. ಅಲ್ಲೆ ಎರಡು ಸಾಲು ಇರ್ತಾವು. ಒಂದು ರೆಂಡರಿಂಗ್ ಲ್ಯಾಗ್, ಇನ್ನೊಂದು ಎನ್‌ಕೋಡಿಂಗ್ ಲ್ಯಾಗ್. ಎನ್‌ಕೋಡಿಂಗ್ ಸಾಲಿನ ಅಂಕಿ ಏರ್ತಿದ್ರ ಸುತ್ತಿಡೋದು ತಡಾ ಆಗ್ಲಿಕ್ಕತ್ತದ. ರೆಂಡರಿಂಗ್ ಸಾಲು ಏರ್ತಿದ್ರ ಆಟಾನ ಗ್ರಾಫಿಕ್ಸನ್ನ ಪೂರ್ತಿ ನುಂಗೇದ, ಓಬಿಎಸ್ಸಿಗೆ ಚಿತ್ರಾ ಜೋಡಸಲಿಕ್ಕೆ ಸಂದು ಸಿಗವಲ್ದು. ಎರಡಕ್ಕೂ ಔಷಧಾ ಬ್ಯಾರೆ ಬ್ಯಾರೆ. ಜ್ವರಕ್ಕ ಕೊಡೋ ಗುಳಗಿ ಹೊಟ್ಟಿ ನೋವಿಗೆ ಕೊಟ್ರ ಆಗ್ತದೇನು? ಆದ್ರ ಅಂಗಡ್ಯಾಗ ಎರಡಕ್ಕೂ ಒಂದ ಔಷಧಾ: ಹೊಸಾ ಕಂಪ್ಯೂಟರ್.

ತಂಗಿ ಮಗಂದು ಏರಿದ್ದು ರೆಂಡರಿಂಗ್ ಸಾಲು. ಅವನ ಆಟದಾಗ ಚಿತ್ರಾ ಎಷ್ಟು ದೂರದ ತನಕ ಕಾಣಬೇಕು ಅಂತ ಒಂದು ಲೆಕ್ಕ ಇರ್ತದ, ಅದನ್ನ 12ರಿಂದ 8ಕ್ಕ ಇಳಿಸಿದಾ. ಸೆಕೆಂಡಿಗೆ ಎಷ್ಟರ ಮ್ಯಾಲೆ ಚಿತ್ರಾ ಬಿಡಸಬಾರದು ಅನ್ನೋದಕ್ಕ 60 ಅಂತ ಕಟ್ಟು ಹಾಕಿದಾ. ಮೊದಲ ಕಟ್ಟು ಇರಲಿಲ್ಲ, ಕೈಲಾದಷ್ಟು ಬಿಡಸು ಅಂತ ಬಿಟ್ಟಿದ್ದಾ, ಅದು ಉಸರು ಹಾರೋ ತನಕ ಓಡ್ತಿತ್ತು. ರೆಕಾರ್ಡಿಂಗ್ ಅಳತಿ 1080 ಇದ್ದದ್ದನ್ನ 720 ಮಾಡಿ, ಸೆಕೆಂಡಿಗೆ 30 ಚಿತ್ರಾ ಮಾಡಿದಾ. ಎನ್‌ಕೋಡರ್ ಕ್ವಿಕ್ ಸಿಂಕಿಗೆ ಹಾಕಿದಾ. ಅಂಕಿ ನಿಂತಬಿಡ್ತು. ಅಂವಾ ಮಾರಿ ಸಣ್ಣದು ಮಾಡಿ "ಎಲ್ಲಾರೂ 60ರಾಗ ಹಾಕ್ತಾರ ದೊಡ್ಡಮ್ಮಾ" ಅಂದಾ. ಹಾಕ್ಲಿ ಬಿಡಪಾ. ಬಾಗಲಾ ಹೆಂಗ ಕಟ್ಟೋದು ಅಂತ ನೋಡ್ಲಿಕ್ಕೆ ಬರೋರು ಫೋನಿನ್ಯಾಗ ನೋಡೋರು. ಗುಂಡು ಹಾರಸೋ, ಗಾಡಿ ಓಡಸೋ ಆಟಕ್ಕ 60 ಚಂದ ಕಾಣ್ತದ, ಅದು ಖರೇ. ಇಟ್ಟಂಗಿ ಮ್ಯಾಲೆ ಇಟ್ಟಂಗಿ ಇಡೋ ಆಟಕ್ಕ 30 ಸಾಕು ಅಂತ ನನ್ನ ಅಭಿಪ್ರಾಯ, ಅವನದು ಈಗೂ ಬ್ಯಾರೆ ಅದ.

ಇಷ್ಟು ಮಾಡಿದ ಮ್ಯಾಲೇ ರೊಕ್ಕದ ಮಾತು. ಮೊದಲನೇ ರೊಕ್ಕಾ ಎಲ್ಲಿ ಹಾಕಬೇಕು ಅನ್ನೋದೂ ಅದ ಕಂಪ್ಯೂಟರ್ ಹೇಳ್ತದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆರೀತದ. ಪರ್ಫಾರ್ಮೆನ್ಸ್ ಅನ್ನೋದ್ರಾಗ ಮೆಮರಿ ಒತ್ರಿ. ಸ್ಲಾಟ್ಸ್ ಯೂಸ್ಡ್ ಅಂತ ಇರ್ತದ. ತಂಗಿ ಮನ್ಯಾಗ ಅಲ್ಲೆ "2ರಾಗ 1" ಅಂತಿತ್ತು. ಅಂದ್ರ 8 ಜಿಬಿಯ ಒಂದ ಪಟ್ಟಿ ರ‍್ಯಾಮ್, ಬಾಜೂದ್ದು ಖಾಲಿ. ಗ್ರಾಫಿಕ್ಸ್ ಕಾರ್ಡ್ ಇರದ ಕಂಪ್ಯೂಟರಿನ್ಯಾಗ ಚಿತ್ರಾ ಬಿಡಸೋ ಭಾಗಕ್ಕ ತಂದಂತ ಬ್ಯಾರೆ ನೆನಪಿನ ಜಾಗಾ ಇರಂಗಿಲ್ಲ, ಇದ ರ‍್ಯಾಮಿನ್ಯಾಗ ಪಾಲು ಕೇಳ್ತದ. ಒಂದ ಪಟ್ಟಿ ಇದ್ರ ಒಂದ ನಳದ ಕೆಳಗ ಎರಡು ಕೊಡಾ ಹಿಡದಂಗ. ಅದ ಅಳತಿದು, ಅದ ವೇಗದ್ದು ಇನ್ನೊಂದು ಪಟ್ಟಿ ಹಾಕಿದ್ರ ಎರಡು ನಳಾ ಆಗ್ತಾವು, ಆಟಾನೂ ಹಗರ ಆಗ್ತದ. ಡಿಡಿಆರ್3 ಅದನೋ, ಡಿಡಿಆರ್4 ಅದನೋ ಅಂತ ನೋಡಿ ತೊಗೊಳ್ರಿ, ಒಂದರದು ಇನ್ನೊಂದಕ್ಕ ಕೂಡಂಗಿಲ್ಲ. ಕೆಲವು ಲ್ಯಾಪ್‌ಟಾಪಿನ್ಯಾಗ ರ‍್ಯಾಮ್ ಬೆಸಗಿ ಹಾಕಿಬಿಟ್ಟಿರ್ತಾರ, ಅಲ್ಲೆ ಏನೂ ಮಾಡ್ಲಿಕ್ಕೆ ಬರಂಗಿಲ್ಲ.

ಎರಡನೇದು ಎಸ್‌ಎಸ್‌ಡಿ. ಇದರ ಬಗ್ಗೆ ಒಂದು ತಪ್ಪು ತಿಳವಳಿಕಿ ಅದ, ಹಳೇ ಹಾರ್ಡ್ ಡಿಸ್ಕಿಗೆ ವಿಡಿಯೋ ಬರಿಯೋ ವೇಗ ಇಲ್ಲಂತ. ಮಡಚಿದ ವಿಡಿಯೋ ಅವನ ಅಳತಿಗೆ ತಾಸಿಗೆ 2.7 ಜಿಬಿ, ಅಂದ್ರ ಸೆಕೆಂಡಿಗೆ ಒಂದು ಎಂಬಿನೂ ಇಲ್ಲ. ಹಳೇ ಡಿಸ್ಕ್ ಅದನ್ನ ನಕ್ಕೋತ ಬರೀತದ. ತ್ರಾಸು ಬರೋದು ವಿಂಡೋಸು, ಆಟಾ, ರೆಕಾರ್ಡಿಂಗ್ ಮೂರೂ ಒಂದ ಡಿಸ್ಕಿನ್ಯಾಗ ಇದ್ದಾಗ. ಅದರ ಮುಳ್ಳು ಒಂದ, ಮೂರೂ ಮಂದಿ ಕರದ ಕಡೆ ಓಡಬೇಕು. ವಿಂಡೋಸ್ ಮತ್ತ ಆಟಾ ಎಸ್‌ಎಸ್‌ಡಿಗೆ ಹಾಕಿ, ರೆಕಾರ್ಡಿಂಗನ್ನ ಹಳೇ ಡಿಸ್ಕಿಗೆ ಬಿಟ್ರಾತು, ಹಳೇದು ಬಿಸಾಕೋ ಮಾತ ಇಲ್ಲ. 500 ಜಿಬಿದು ಸಾಕು. ಹಳೇ ಮಶೀನಿಗೆ ಸಾಟಾ ಎಸ್‌ಎಸ್‌ಡಿ ಕೂಡ್ತದ, ಎಂ.2 ಅನ್ನೋ ಸಣ್ಣ ಪಟ್ಟಿ ತರೋದಾದ್ರ ಒಳಗ ಅದಕ್ಕ ಜಾಗಾ ಅದನೋ ಇಲ್ಲೋ ಬಿಚ್ಚಿ ನೋಡೇ ತರ್ರಿ.

ರ‍್ಯಾಮ್, ಎಸ್‌ಎಸ್‌ಡಿ, ಮತ್ತ ಒಂದು ಮೈಕು. ತಂಗಿ ಮನ್ಯಾಗ ಎಲ್ಲಾ ಕೂಡಿ 8,000ದ ಒಳಗ ಆತು. ಭಿಶಿ ಭಿಶಿ ಜಾಗಾದಾಗ ಉಳೀತು. ಹುಡುಗಿ ಬಿ.ಎಡ್ ಫಾರ್ಮ್ ತುಂಬ್ಯಾಳ.

ಮೈಕಿನ ಬಗ್ಗೆ ಯಾರೂ ಮಾತಾಡಂಗಿಲ್ಲ. ನಾ ಹೇಳೋದು, ಚಿತ್ರಾ ಸ್ವಲ್ಪ ಮಸಕಿದ್ರ ಮಂದಿ ನೋಡ್ತಾರ, ಮಾತು ಕೇಳಸಲಿಲ್ಲಂದ್ರ ಎದ್ದು ಹೋಗ್ತಾರ. ಪುರಾಣ ಕೇಳ್ಲಿಕ್ಕೆ ಹೋದಾಗ ಮೈಕು ಕುಯ್ ಅಂದ್ರ ನಾವು ಎಷ್ಟೊತ್ತು ಕೂಡ್ತೇವಿ? ಸಾದಾ ಯುಎಸ್‌ಬಿ ಮೈಕು ಇಲ್ಲಾ ಕಾಲರಿಗೆ ಸಿಕ್ಕಸೋ ಮೈಕು ಸಾಕು, ಬಾಯಿ ಹತ್ತರ ಇರಬೇಕು ಅಷ್ಟ. ಫ್ಯಾನಿನ ಸಪ್ಪಳಕ್ಕ ಓಬಿಎಸ್ ಒಳಗ ನಾಯ್ಸ್ ಸಪ್ರೆಶನ್ ಅಂತ ಒಂದು ಜಾಳಗಿ ಅದ, ಅದೂ ಪುಗಸಟ್ಟೆ. ಕುಕ್ಕರ್ ಸೀಟಿಗೆ ಮಾತ್ರ ಅದು ಸೋಲ್ತದ. ಹಿಂಗಾಗಿ ತಂಗಿ ಮನ್ಯಾಗ ಈಗ ಬ್ಯಾಳಿ ಕುದಿಸೋ ಹೊತ್ತು, ರೆಕಾರ್ಡಿಂಗ್ ಹೊತ್ತು ಅಂತ ವೇಳಾಪಟ್ಟಿ ಆಗ್ಯಾದ.

ಈಗ ಕ್ಯಾಪ್ಚರ್ ಕಾರ್ಡಿನ ವಿಷಯ. ಆ 85,000ದ ಹಾಳಿಯೊಳಗ ಅದೂ ಒಂದು ಸಾಲು ಇತ್ತು. ಇದರಾಗ ಮಂದಿ ರೊಕ್ಕಾ ಹೋಗೋದು ಭಾಳ. ಕ್ಯಾಪ್ಚರ್ ಕಾರ್ಡ್ ಅಂದ್ರ ಒಂದು ಮಶೀನಿನ ಚಿತ್ರಾನ್ನ ಎಚ್‌ಡಿಎಂಐ ವೈರಿನ್ಯಾಗ ಹಿಡದು ಇನ್ನೊಂದು ಮಶೀನಿಗೆ ಕೊಡೋ ಸಾಮಾನು. ಪ್ಲೇಸ್ಟೇಶನ್ನಿಂದ ಲ್ಯಾಪ್‌ಟಾಪಿಗೆ, ಇಲ್ಲಾ ಒಂದು ಕಂಪ್ಯೂಟರಿಂದ ಇನ್ನೊಂದು ಕಂಪ್ಯೂಟರಿಗೆ. ಆಡೋದೂ ರೆಕಾರ್ಡ್ ಮಾಡೋದೂ ಒಂದ ಕಂಪ್ಯೂಟರಿನ್ಯಾಗ ಇದ್ರ ಅದರಿಂದ ಭಾರ ಇಳಿಯಂಗಿಲ್ಲ. ಚಿತ್ರಾ ಹೊರಗ ಹೋಗಿ ಓಣಿ ಸುತ್ತಿ ಮತ್ತ ಅದ ಮನಿಗೆ ಬರ್ತದ, ಮಡಚೋದು ಅದ ಕಂಪ್ಯೂಟರ್ರ. "ಹಳೇ ಕಂಪ್ಯೂಟರ್ ಅದ, ಅದಕ್ಕ ಕ್ಯಾಪ್ಚರ್ ಕಾರ್ಡ್ ಹಾಕ್ರಿ" ಅಂತ ಯಾರರೆ ಹೇಳಿದ್ರ, ಎರಡನೇ ಮಶೀನ್ ಎಲ್ಲದ ಅಂತ ಕೇಳ್ರಿ.

ಬಾಜೂ ಮನಿ ವೈನಿ ಮಗಂದು ಮಾತ್ರ ಬ್ಯಾರೆ ಪ್ರಕರಣ. ಅವನ ಕಡೆ ಪಿಎಸ್4 ಅದ, ಟಿವಿಗೆ ಹಚ್ಚಿ ಆಡ್ತಾನ, ಒಂದು ಹಳೇ ಲ್ಯಾಪ್‌ಟಾಪೂ ಅದ. ಅಲ್ಲೆ ಕಾರ್ಡಿಗೆ ಅರ್ಥ ಅದ. ಆದ್ರೂ ನಾ ವೈನಿಗೆ ಹೇಳಿದ್ದು, ಮೊದಲ ಪಿಎಸ್4 ಕೈಗುಂಡಿ ಮ್ಯಾಲಿನ ಶೇರ್ ಅನ್ನೋದನ್ನ ಒತ್ತಲಿಕ್ಕೆ ಹೇಳ್ರಿ ಅಂತ. ಹಿಂದಿನ 15 ನಿಮಿಷದ ಆಟಾ ಅದು ತಾನ ಇಟ್ಟಿರ್ತದ, ಸೆಟ್ಟಿಂಗಿನ್ಯಾಗ 60 ನಿಮಿಷದ ತನಕ ಏರಸಬಹುದು. ಪೆನ್ ಡ್ರೈವಿಗೆ ಹಾಕ್ಕೊಂಡು ಲ್ಯಾಪ್‌ಟಾಪಿಗೆ ತಂದ್ರಾತು. ಸಾದಾ ಪಿಎಸ್4ರಾಗ ಅದು 720 ಅಳತಿದು, ಕಲಿಯೋರಿಗೆ ಸಾಕು. ಆರು ತಿಂಗಳು ಬಿಡದ ವಿಡಿಯೋ ಹಾಕಿ ತೋರಸಲಿ, ಆಮ್ಯಾಲೆ ಕಾರ್ಡಿನ ಮಾತಾಡೋಣ.

ಕಾರ್ಡ್ ತೊಗೊಂಡ ದಿನಾ ಕರ್ರಗಿನ ಪಡದಿ ಕಂಡು ಹೆದರಬ್ಯಾಡ್ರಿ. ಪಿಎಸ್4ರ ಸೆಟ್ಟಿಂಗ್ಸ್, ಸಿಸ್ಟಂ ಒಳಗ ಎಚ್‌ಡಿಸಿಪಿ ಅಂತ ಒಂದು ಕೀಲಿ ಇರ್ತದ, ನಕಲು ತಡಿಯೋ ಸಂಬಂಧ. ಅದನ್ನ ತಗದ್ರ ಚಿತ್ರಾ ಬರ್ತದ. ಇನ್ನ ಅಗ್ಗದ ಸಣ್ಣ ಡಬ್ಬಿಗೋಳು ಇರ್ತಾವು, ಪೆನ್ ಡ್ರೈವ್ ಇದ್ದಂಗ, ಮ್ಯಾಲೆ ದೊಡ್ಡದಾಗಿ 4ಕೆ ಅಂತ ಬರದಿರ್ತದ. ಆ 4ಕೆ ಅಂದ್ರ ಒಳಗ ಬರೋ ಚಿತ್ರದ ಅಳತಿ. ಹೊರಗ ಕೊಡೋದು ಸಾಮಾನ್ಯವಾಗಿ 1080, ಅದೂ ಸೆಕೆಂಡಿಗೆ 30. ಹಾಲಿನ ಪಾಕೀಟಿನ ಮ್ಯಾಲೆ ಆಕಳ ಚಿತ್ರಾ ಎಷ್ಟು ದೊಡ್ಡದಿದ್ರೇನು? ಆದ್ರ ಹುಡುಗಗ 30 ಸಾಕಿದ್ರ ಆ ಅಗ್ಗದ್ದೂ ನಡೀತದ, ನಾ ಅದನ್ನ ಹಳೀಲಿಕ್ಕತ್ತಿಲ್ಲ. ಡಬ್ಬಿ ಮ್ಯಾಲಿನ ಸುಳ್ಳಿಗೆ ಹೆಚ್ಚಿನ ರೊಕ್ಕಾ ಕೊಡಬ್ಯಾಡ್ರಿ ಅಂತೇನಿ ಅಷ್ಟ. ಎಲ್ಗಾಟೊ, ಎವರ್‌ಮೀಡಿಯಾ ಅಂತ ಹೆಸರುವಾಸಿ ಕಂಪನಿಗೋಳು ಅವ, ತುಟ್ಟಿ. ಎಲ್ಗಾಟೊದವರ 2014ರ ಎಚ್‌ಡಿ60 ಅನ್ನೋದ್ರೊಳಗ ಮಡಚೋ ಹುಡುಗಿ ಡಬ್ಬ್ಯಾಗನ ಇದ್ಲು, ಹಿಂಗಾಗಿ ಹಳೇ ಯುಎಸ್‌ಬಿ 2 ಸಾಕಾಗ್ತಿತ್ತು. 2016ರ ಎಚ್‌ಡಿ60 ಎಸ್ ಬಂದಾಗ ಯುಎಸ್‌ಬಿ 3 ಬೇಕಾತು, ಮಡಚೋ ಕೆಲಸಾ ಲ್ಯಾಪ್‌ಟಾಪಿನ ತಲಿ ಮ್ಯಾಲೆ ಬಂತು. ಹೊಸಾದು ಅಂದ್ರ ಹಳೇ ಲ್ಯಾಪ್‌ಟಾಪಿಗೆ ಹೊಂದತದ ಅಂತಲ್ಲ, ನೋಡ್ರಿ ಹೆಂಗದ.

ಇನ್ನ ಖರೇನ ಹೊಸಾದು ಬೇಕಾಗೋರೂ ಇದ್ದಾರ. ಕಂಪ್ಯೂಟರ್ ಅಷ್ಟು ಹಳೇದಿದ್ರ, ಇಲ್ಲಾ ಆಟಾನ ಭಾರೀದಿದ್ರ, ನನ್ನ ಉಪಾಯ ನಡಿಯಂಗಿಲ್ಲ. ಆವಾಗ ಅಂಗಡ್ಯಾಗ ಏನು ನೋಡಬೇಕಂದ್ರ, ಇಂಟೆಲ್ ಪ್ರೊಸೆಸರ್ ಹೆಸರಿನ ಕಡೀಕ ಎಫ್ ಅಂತ ಇದ್ರ ಅದರಾಗ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಸ್ವಲ್ಪ ಅಗ್ಗ ಇರ್ತದಂತ ಅದನ್ನ ಕೊಡ್ತಾರ. ಬ್ಯಾರೆ ಛೊಲೋ ಕಾರ್ಡ್ ಹಾಕೋದಿದ್ರ ನಡೀತದ, ಇಲ್ಲಂದ್ರ ಬ್ಯಾಡ. ಕಾರ್ಡಿನ್ಯಾಗೂ ಜಾಣತನ ಬೇಕು. ಜಿಟಿ 1030 ಅನ್ನೋದ್ರಾಗ ಎನ್‌ವೆಂಕ್ ಇಲ್ಲ. ಎಎಮ್‌ಡಿ ಅವರ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಎರಡರಾಗೂ ಮಡಚೋ ಭಾಗ ಇಟ್ಟಿಲ್ಲ. ಆಟಾ ಆಡ್ಲಿಕ್ಕೆ ಅವು ನಡೀತಾವು, ರೆಕಾರ್ಡ್ ಮಾಡೋ ಸಂಬಂಧ ಅಂತನ ಅವನ್ನ ತರೋದು ಅಂದ್ರ ರೊಟ್ಟಿ ಸುತ್ತಿಡಲಿಕ್ಕೆ ಕರದಾಕಿ ಬಂದು ಊಟಕ್ಕ ಕೂತಂಗ. ಜಿಟಿಎಕ್ಸ್ 1650ರಾಗ ಎನ್‌ವೆಂಕ್ ಅದ, ಅದರಾಗ ಕೆಲವು ನಮೂನಿಗೆ ಬ್ಯಾರೆ ಕರೆಂಟ್ ವೈರೂ ಬೇಕಾಗಂಗಿಲ್ಲ, ಹಳೇ ಎಸ್‌ಎಂಪಿಎಸ್ ಬದಲಾಯಿಸೋ ಖರ್ಚು ಉಳೀತದ. ಆಫೀಸಿನ್ಯಾಗ ಇರ್ತಾವಲ್ಲ, ಸಣ್ಣ ತೆಳ್ಳಗಿನ ಡಬ್ಬಿ ಕಂಪ್ಯೂಟರ್, ಅವಕ್ಕ ಗಿಡ್ಡ ಕಾರ್ಡ ಬೇಕು, ಅಳತಿ ತೊಗೊಂಡ ಹೋಗ್ರಿ. ಬ್ಲೌಸಿಗೆ ಅಳತಿ ಕೊಡದ ಹೊಲೀಲಿಕ್ಕೆ ಹಾಕ್ತೇವೇನು?

ಇನ್ನೊಂದು ಸಂಗತಿ, ಹಾರ್ಡ್ ಡಿಸ್ಕಿನ್ಯಾಗಿಂದ ಕಾರ್ಡಿನ ತನಕ ಎಲ್ಲಾದ್ರ ಬಗ್ಗೆ ಮಾತಾಡೋ ಮಂದಿ ಕರೆಂಟಿನ ಬಗ್ಗೆ ಮಾತಾಡಂಗಿಲ್ಲ. ರೆಕಾರ್ಡಿಂಗ್ ನಡದಾಗ ಕರೆಂಟ್ ಹೋದ್ರ, ಫೈಲು ಸಾದಾ ಎಂಪಿ4ರಾಗ ಇದ್ರ ಅದು ತೆರಿಯೋದ ಇಲ್ಲ, ಎರಡು ತಾಸಿನ ಕೆಲಸಾ ನೀರಾಗ ಹೋತು. ಎಂಕೆವಿ ಅಂತ ಇನ್ನೊಂದು ನಮೂನಿ ಅದ. ಅದರಾಗ ಇಟ್ರ ಕರೆಂಟ್ ಹೋಗೋ ತನಕ ಆದದ್ದು ಉಳೀತದ. ಮುಗದ ಮ್ಯಾಲೆ ಓಬಿಎಸ್ಸಿನ ಫೈಲ್ ಪಟ್ಟಿಯೊಳಗ ರೀಮಕ್ಸ್ ಒತ್ತಿ ಎಂಪಿ4 ಮಾಡ್ಕೋಬಹುದು, ಎರಡು ನಿಮಿಷದ ಮಾತು. ಮನ್ಯಾಗ ಇನ್ವರ್ಟರ್ ಇದ್ರೂ ಡೆಸ್ಕ್‌ಟಾಪ್ ಒಂದೊಂದು ಸಲಾ ಬಂದಾಗಿ ಚಾಲೂ ಆಗ್ತದ. ಭಾಳಷ್ಟು ಇನ್ವರ್ಟರಿಗೆ ಯುಪಿಎಸ್ ಮೋಡ್ ಅಂತ ಒಂದು ಗುಂಡಿ ಇರ್ತದ, ಅದರ ಮ್ಯಾಲೆ ಇಟ್ರ ಲಗೂನ ಬದಲಾಗ್ತದ.

"ಇಷ್ಟೆಲ್ಲಾ ಯಾಕ, ಗೇಮ್ ಆಡೋದ ಬಿಡಸ್ರಿ" ಅಂತ ಮೌಶಿ ಫೋನಿನ್ಯಾಗ ಬೈದ್ರು. ಮೌಶಿ, ನಿಮ್ಮ ಮಾತಿಗೆ ಎದುರು ಆಡ್ತೇನಂತ ಸಿಟ್ಟಾಗಬ್ಯಾಡ್ರಿ. ಹುಡುಗಾ ಆಟಾ ಆಡೋದು ಬ್ಯಾರೆ, ಆಡಿದ್ದನ್ನ ನಾಲ್ಕು ಮಂದಿಗೆ ತಿಳಿಯೋ ಹಂಗ ಹೇಳೋದು ಬ್ಯಾರೆ. ಈಗ ಅಂವಾ ರೆಕಾರ್ಡ್ ಮಾಡೋ ಮೊದಲ ಏನು ಹೇಳಬೇಕಂತ ನೋಟಬುಕ್ಕಿನ್ಯಾಗ ಬರ್ಕೋತಾನ. ಅಂವಾ ಬರದ ಕನ್ನಡಾ ನಾ ನೋಡಿದ್ದು ಎಸ್ಸೆಸ್ಸೆಲ್ಸಿ ಆದ ಮ್ಯಾಲೆ ಇದ ಮೊದಲು. ತಪ್ಪು ಭಾಳ ಇರ್ತಾವು, ನಾ ತಿದ್ದತೇನಿ. ಮತ್ತ ಸ್ಟ್ಯಾಟ್ಸ್ ಕಿಡಕಿ ನೋಡಿ ತ್ರಾಸು ಎಲ್ಲದ ಅಂತ ಹುಡುಕಿ, ಒಂದೊಂದ ಬದಲಿ ಮಾಡಿ ನೋಡೋದನ್ನ ಅಂವಾ ಆ ಎರಡು ಸಂಜಿಯೊಳಗ ಕಲತಾ. 85,000ದ ಮಶೀನ್ ಸೀದಾ ಬಂದಿದ್ರ ಅದನ್ನ ಕಲೀತಿದ್ದಾನು ಅಂತ ನನಗ ಅನಸಂಗಿಲ್ಲ.

ಅಂಗಡಿಯವರಿಗೆ ನಾ ಪೂರ್ತಿ ಬೈಯಂಗಿಲ್ಲ. ಅವರು ಮಾರೋರು, ಮಾರ್ತಾರ. ಕೇಳದಿದ್ದದ್ದನ್ನ ಅವರ್ಯಾಕ ಹೇಳ್ತಾರ? ಆದ್ರ "ಅಮ್ಮಾರ, ನಿಮಗ ಅದೆಲ್ಲಾ ತಿಳಿಯಂಗಿಲ್ರಿ, ಹುಡುಗನ್ನ ಕಳಸ್ರಿ" ಅಂತ ಅಂದ್ರಲ್ಲ, ಅದಕ್ಕ ನನ್ನ ತಕರಾರು ಅದ. ರೊಕ್ಕಾ ಎಣಿಸಿ ಕೊಡಬೇಕಾದ್ರ ಅಮ್ಮಾರಿಗೆ ತಿಳೀತದ, ಸಾಮಾನು ಯಾಕ ಬೇಕು ಅಂತ ಕೇಳಿದ್ರ ತಿಳಿಯಂಗಿಲ್ಲ, ಇದ್ಯಾವ ಲೆಕ್ಕ?

ನಿಮ್ಮ ಮನ್ಯಾಗ ಈ ಮಾತು ನಡದಿದ್ರ ಎರಡು ಫೋಟೋ ತಗದು ನನಗ ಕಳಸ್ರಿ. ಓಬಿಎಸ್ಸಿನ ಎನ್‌ಕೋಡರ್ ಪಟ್ಟಿದೊಂದು, ಟಾಸ್ಕ್ ಮ್ಯಾನೇಜರಿನ ಮೆಮರಿ ಪುಟದ್ದೊಂದು. ಹುಡುಗ್ರ ಕಡೆ ತಗಸಬ್ಯಾಡ್ರಿ, ನೀವ ಕೂತು ತಗೀರಿ. ಫೋನ್ ಮಾಡೋದಿದ್ರ ಮಧ್ಯಾಹ್ನ ಎರಡರ ಮ್ಯಾಲೆ ಮಾಡ್ರಿ, ಅದಕಿಂತ ಮೊದಲ ನನ್ನ ಕೈ ಹಿಟ್ಟಿನ್ಯಾಗ ಇರ್ತಾವು.